ಒಂದು ಡಬ್ಬವನ್ನೂ ಕೊಳ್ಳದೆ ಅಡುಗೆಮನೆ ಜೋಡಿಸೋಣ



ಹೋದ ವಾರ ಮನೆಯಲ್ಲೇ ಬಿ.ಪಿ. ನೋಡಿಕೊಳ್ಳುವುದು ಹೇಗೆಂದು ಬರೆದಿದ್ದೆ. ಓದಿದ ಹಲವರು ಒಂದೇ ಮಾತು ಬರೆದರು: "ಉಪ್ಪು ಕಡಿಮೆ ಮಾಡಿ ಅಂತೀರಿ ಡಾಕ್ಟ್ರೇ, ನಾವು ಮಾಡಿಯೇ ಇದ್ದೇವೆ. ಆದರೂ ಬಿ.ಪಿ. ಇಳಿಯುವುದಿಲ್ಲ." ಇದಕ್ಕೆ ಉತ್ತರ ಕೆಲವೊಮ್ಮೆ ಮಾತ್ರೆಯಲ್ಲಿರುತ್ತದೆ. ಎಷ್ಟೋ ಸಲ ಅಡುಗೆಮನೆಯ ಶೆಲ್ಫಿನಲ್ಲಿರುತ್ತದೆ. ಅದನ್ನು ನನಗೆ ಕಲಿಸಿದ್ದು ಬೈಕುಲ್ಲಾದ ಒಂದು ಚಾಲಿನ ಮನೆ.

ಅಲ್ಲಿನ ಯಜಮಾನರಿಗೆ ಅರವತ್ತೆಂಟು ವರ್ಷ. ಉಡುಪಿ ಕಡೆಯವರು. ಹುಡುಗನಾಗಿದ್ದಾಗ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಕೊನೆಯ ಇಪ್ಪತ್ತು ವರ್ಷ ಅದೇ ಹೋಟೆಲಿನ ಸ್ಟೋರ್ ನೋಡಿಕೊಂಡವರು. ಒಂದು ಹಾರ್ಟ್ ಅಟ್ಯಾಕ್ ಆಗಿ ಹೃದಯದ ಪಂಪಿಂಗ್ ಕಡಿಮೆಯಾಗಿತ್ತು. ಮೂರು ತಿಂಗಳಲ್ಲಿ ಎರಡು ಸಲ ಕಾಲು ಊದಿ, ಶ್ವಾಸಕೋಶದಲ್ಲಿ ನೀರು ನಿಂತು, ರಾತ್ರಿ ಮಲಗಲಾಗದೆ ಆಸ್ಪತ್ರೆಗೆ ಬಂದರು. ಪ್ರತಿ ಸಲವೂ ನಾನು ಹೇಳಿದ್ದು ಉಪ್ಪು ಕಡಿಮೆ ಮಾಡಿ ಎಂದು. ಪ್ರತಿ ಸಲವೂ ಅವರ ಹೆಂಡತಿ ಹೇಳಿದ್ದು, "ನಾನು ಸಾರಿಗೆ ಹಾಕುವುದೇ ಚಿಟಿಕೆ ಉಪ್ಪು ಮಾರಾಯ್ರೆ." ಅವರು ಸುಳ್ಳು ಹೇಳುವವರಲ್ಲ. ಆದರೂ ಲೆಕ್ಕ ತಾಳೆಯಾಗುತ್ತಿರಲಿಲ್ಲ.

ಒಂದು ಸಂಜೆ ಕ್ಲಿನಿಕ್ ಮುಗಿಸಿ ಅವರ ಮನೆಗೇ ಹೋದೆ. ಚಾಲಿನ ಒಂದೇ ಖೋಲಿ, ಮೂಲೆಯಲ್ಲಿ ಮೋರಿ, ಅದರ ಪಕ್ಕ ಅಡುಗೆ ಕಟ್ಟೆ, ಮೇಲೆ ಅಟ್ಟ. ನಾಲ್ಕು ಜನರ ಸಂಸಾರ. ಗ್ಯಾಸಿನ ಎದುರಿಗೆ, ಕೈ ಚಾಚಿದರೆ ಸಿಗುವ ಶೆಲ್ಫಿನಲ್ಲಿ ಏನಿತ್ತು ಗೊತ್ತೇ? ಉಪ್ಪಿನ ಭರಣಿ, ಮಿಡಿ ಉಪ್ಪಿನಕಾಯಿ, ಲಿಂಬೆ ಉಪ್ಪಿನಕಾಯಿ, ಹಲಸಿನ ಹಪ್ಪಳದ ಡಬ್ಬ, ಒಣ ಸಿಗಡಿಯ ಡಬ್ಬ, ಉಪ್ಪಿನ ಸೊಳೆಯ ಬಾಟಲಿ, ಸಂಡಿಗೆ. ಊರಿನಿಂದ ಪ್ರೀತಿಯಿಂದ ಕಳಿಸಿದ್ದು. ಹೆಸರುಕಾಳು, ಕಡಲೆ, ರಾಗಿ ಹುಡಿ ಎಲ್ಲಿ ಎಂದು ಕೇಳಿದರೆ ಸೊಸೆ ಸ್ಟೂಲು ಹತ್ತಿ ಅಟ್ಟದಿಂದ ತೆಗೆದರು. ಹೆಸರುಕಾಳಿಗೆ ಹುಳ ಹಿಡಿದಿತ್ತು. ಮತ್ತೆ ನಮ್ಮ ಯಜಮಾನರ ಮಾತ್ರೆಗಳು? ಗ್ಯಾಸಿನ ಒಲೆಯ ನೇರ ಮೇಲೆ, ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ.

ಸಾರಿಗೆ ಚಿಟಿಕೆ ಉಪ್ಪು ಹಾಕಿದ್ದು ನಿಜವೇ. ಉಳಿದ ಉಪ್ಪು ತಟ್ಟೆಗೆ ಶೆಲ್ಫಿನಿಂದ ಬರುತ್ತಿತ್ತು.

ಸಣ್ಣ ಅಡುಗೆಮನೆಯಲ್ಲಿ ಕೈಗೆ ಹತ್ತಿರ ಇದ್ದದ್ದೇ ಊಟಕ್ಕೆ ಬರುವುದು. ದಣಿದು ಬಂದವರು ಸ್ಟೂಲು ಹತ್ತಿ ಕಾಳು ತೆಗೆದು ನೆನೆಸುವುದಿಲ್ಲ, ಎದುರಿಗಿದ್ದ ಉಪ್ಪಿನಕಾಯಿಗೆ ಅನ್ನ ಕಲಸುತ್ತಾರೆ. ಇದು ಸೋಮಾರಿತನವಲ್ಲ, ಜಾಗದ ಸಮಸ್ಯೆ. ಹಾಗಾಗಿ ಜಾಗ ಬದಲಿಸೋಣ. ಇದಕ್ಕಾಗಿ ಒಂದೇ ಅಳತೆಯ ಪಾರದರ್ಶಕ ಡಬ್ಬಗಳ ಸೆಟ್ಟು ಕೊಳ್ಳುವ ಅಗತ್ಯವಿಲ್ಲ. ಮೊಬೈಲಿನಲ್ಲಿ ಬರುವ ಅಂಥ ವಿಡಿಯೋಗಳು ಬೇರೆ ಯಾರದೋ ದೊಡ್ಡ ಮನೆಯವು. ನಿಮ್ಮ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿ, ತುಪ್ಪದ ಖಾಲಿ ಡಬ್ಬ, ಐಸ್‌ಕ್ರೀಮಿನ ಡಬ್ಬ, ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ಡಬ್ಬಿ ಎಲ್ಲ ಇವೆ. ಅಷ್ಟು ಸಾಕು.

*ಉಪ್ಪಿನ ಲೆಕ್ಕ*

ಮೊದಲು ಒಂದು ಪೆನ್ನು ತೆಗೆದುಕೊಳ್ಳಿ. ಮುಂದಿನ ಸಲ ಉಪ್ಪಿನ ಪ್ಯಾಕೆಟ್ ಒಡೆದಾಗ ಅದರ ಮೇಲೆ ತಾರೀಕು ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಮಟ್ಟಸವಾಗಿ ಒಂದು ಟೀ ಚಮಚ. ನಾಲ್ಕು ಜನರಿಗೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬ್ರೆಡ್ಡು, ಬಿಸ್ಕಿಟು, ಫರ್ಸಾಣ್‌ಗಳಲ್ಲೂ ಉಪ್ಪು ಇರುವುದರಿಂದ, ನಿಜವಾಗಿ ಎರಡು ತಿಂಗಳು ದಾಟಬೇಕು. ನಾನು ಹೇಳಿದ ಮನೆಯಲ್ಲಿ ಪ್ಯಾಕೆಟ್ ಇಪ್ಪತ್ತೆರಡು ದಿನಕ್ಕೆ ಮುಗಿಯುತ್ತಿತ್ತು. ಮೀನು ತೊಳೆಯಲು ಹೋದದ್ದನ್ನು ಕಳೆದರೂ ಅದು ಬಹಳವೇ. ಅಮ್ಮನವರಿಗೇ ಆಶ್ಚರ್ಯವಾಯಿತು. ಪಾತ್ರೆ ಪಾತ್ರೆಗೆ ಚಿಟಿಕೆಯಾದರೂ ತಿಂಗಳ ಕೊನೆಗೆ ಅದು ಎಷ್ಟಾಯಿತೆಂದು ಯಾರೂ ನೋಡಿರುವುದಿಲ್ಲ.

ಈಗ ಶೆಲ್ಫು. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಸಂಡಿಗೆ, ಇನ್‌ಸ್ಟಂಟ್ ನೂಡಲ್ಸ್, ಫರ್ಸಾಣ್ ಇಷ್ಟೂ ಅಟ್ಟಕ್ಕೆ ಹೋಗಲಿ. ಬಿಸಾಡಿ ಎನ್ನುತ್ತಿಲ್ಲ. ಊರಿನ ಮಿಡಿ ಉಪ್ಪಿನಕಾಯಿಯನ್ನು ಬಿಸಾಡಿ ಎಂದರೆ ನನ್ನ ಅಮ್ಮನೇ ನನ್ನನ್ನು ಮನೆಗೆ ಸೇರಿಸಲಿಕ್ಕಿಲ್ಲ. ದೊಡ್ಡ ಭರಣಿ ಮೇಲಿರಲಿ, ಭಾನುವಾರ ಒಂದು ಸಣ್ಣ ಬಟ್ಟಲಿನಷ್ಟು ಕೆಳಗೆ ಬರಲಿ. ಬಟ್ಟಲು ಖಾಲಿಯಾದರೆ ಮುಂದಿನ ಭಾನುವಾರದವರೆಗೆ ಇಲ್ಲ. ಹೃದಯದ ಪಂಪಿಂಗ್ ಕಡಿಮೆ ಇರುವವರ ತಟ್ಟೆಗೆ ಮಾತ್ರ ಆ ಬಟ್ಟಲೂ ಬೇಡ. ಉಪ್ಪಿನ ಸೊಳೆಯನ್ನು ನೀರು ಬದಲಿಸುತ್ತಾ ನೆನೆಸಿ, ಹಿಂಡಿ ಬಳಸುವ ನಮ್ಮ ಅಜ್ಜಿಯಂದಿರ ಕ್ರಮ ಸರಿಯೇ ಇದೆ. ಇನ್ನೊಂದು ಸಲ ನೀರು ಹೆಚ್ಚಿಗೆ ಬದಲಿಸಿ.

ಉಪ್ಪಿನಕಾಯಿಯನ್ನು ವರ್ಷಕ್ಕಾಗುವಷ್ಟು ಕೂಡಿಡುವುದು ಒಂದು ಕಾಲದಲ್ಲಿ ಅಗತ್ಯವಿತ್ತು, ಊರಿಗೆ ಹೋಗುವುದೇ ವರ್ಷಕ್ಕೊಮ್ಮೆ. ಈಗ ಮಾಟುಂಗಾಕ್ಕೆ ಹೋದರೆ ಕುಚ್ಚಲಕ್ಕಿಯಿಂದ ಹಲಸಿನ ಹಪ್ಪಳದವರೆಗೆ ವರ್ಷವಿಡೀ ಸಿಗುತ್ತದೆ. ಊರಿನವರಿಗೆ ಪ್ರೀತಿಯಿಂದಲೇ ಹೇಳಿ, ಮುಂದಿನ ಸಲ ಉಪ್ಪಿನಕಾಯಿಯ ಬದಲು ಹುರುಳಿ, ಕೆಂಪು ಅಲಸಂಡೆ ಕಾಳು, ಪುನರ್ಪುಳಿ ಸಿಪ್ಪೆ ಕಳಿಸಿ ಎಂದು. (ಉಪ್ಪು ಹಾಕದೆ ಒಣಗಿಸಿದ ಪುನರ್ಪುಳಿ. ಹುಳಿ ಚೆನ್ನಾಗಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ.) ಕಲಬುರಗಿ, ವಿಜಯಪುರ ಕಡೆಯವರ ಮನೆಯಲ್ಲಿ ಕಡಕ್ ಜೋಳದ ರೊಟ್ಟಿಯ ಕಟ್ಟು ಇರುತ್ತದಲ್ಲ, ಅದು ಕೆಳಗಿನ ಶೆಲ್ಫಿನಲ್ಲೇ ಇರಲಿ, ಒಳ್ಳೆಯದು. ಜೊತೆಗಿನ ಶೇಂಗಾ ಹಿಂಡಿಯನ್ನು ಮಾತ್ರ ಮುಂದಿನ ಸಲ ಕುಟ್ಟುವಾಗ ಅರ್ಧ ಉಪ್ಪಿನಲ್ಲಿ ಕುಟ್ಟಿ.

ಖಾಲಿಯಾದ ಆ ಮುಖ್ಯ ಶೆಲ್ಫಿಗೆ ಕಾಳುಗಳು, ರಾಗಿ, ಅವಲಕ್ಕಿ, ಹುರಿಗಡಲೆ, ಉಪ್ಪಿಲ್ಲದ ಶೇಂಗಾ ಬರಲಿ. ಇವು ಗಾಜಿನ ಬಾಟಲಿಯಲ್ಲಿದ್ದರೆ ಕಣ್ಣಿಗೆ ಬೀಳುತ್ತವೆ, ಹುಳ ಹಿಡಿದರೂ ಗೊತ್ತಾಗುತ್ತದೆ. ಉಪ್ಪು ಸ್ಟೀಲ್ ಡಬ್ಬಿಯಲ್ಲಿ, ಮುಚ್ಚಳ ಬಿಗಿಯಾಗಿ, ಒಳಗೆ ಒಂದು ಟೀ ಚಮಚ. ಭರಣಿಗೆ ಕೈ ಹಾಕಿ ಉಪ್ಪು ತೆಗೆಯುವುದನ್ನು ಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಊಟದ ಜಾಗದಲ್ಲಿ ಉಪ್ಪಿನ ಬಟ್ಟಲು ಬೇಡವೇ ಬೇಡ.

"ಲೋ ಸೋಡಿಯಂ ಉಪ್ಪು ತರಲೇ?" ಎಂದು ಪ್ರತಿ ವಾರ ಯಾರಾದರೂ ಕೇಳುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ, ಮನೆಯಡುಗೆಗೆ ಮಾಮೂಲಿ ಉಪ್ಪಿನ ಬದಲು ಇದನ್ನು ಬಳಸಬಹುದೆಂದು ಸಲಹೆ ಕೊಟ್ಟಿದೆ. ಆದರೆ ಅದೇ ಸಲಹೆಯಲ್ಲಿ ಮಕ್ಕಳು, ಗರ್ಭಿಣಿಯರು ಮತ್ತು ಕಿಡ್ನಿ ತೊಂದರೆಯವರನ್ನು ಬಿಟ್ಟಿದೆ. ಕಾರಣ, ಈ ಉಪ್ಪಿನಲ್ಲಿ ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ದುರ್ಬಲವಿದ್ದರೆ, ಅಥವಾ ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ನನ್ನ ರೋಗಿಗಳಲ್ಲಿ ಮುಕ್ಕಾಲು ಪಾಲು ಇಂಥ ಮಾತ್ರೆಯವರೇ. ನಿಮ್ಮ ಡಾಕ್ಟರನ್ನು ಕೇಳದೆ ತರಬೇಡಿ.

*ಎಣ್ಣೆಗೆ ಒಂದು ಬಾಟಲಿ*

ಆಫರಿನಲ್ಲಿ ತಂದ ಐದು ಲೀಟರ್ ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವುದು ನಮ್ಮಲ್ಲಿ ಮಾಮೂಲಿ. ಕ್ಯಾನನ್ನು ಕಟ್ಟೆಯ ಕೆಳಗೆ, ಒಲೆಯ ಶಾಖ ತಾಗದಲ್ಲಿ ಇಡಿ. ಮುಕ್ಕಾಲು ಲೀಟರ್ ಹಿಡಿಯುವ ಹಳೆಯ ಶರಬತ್ತಿನ ಗಾಜಿನ ಬಾಟಲಿಯನ್ನು ತೊಳೆದು ಪೂರ್ತಿ ಒಣಗಿಸಿ, ಸೋಮವಾರ ತುಂಬಿ. ನಾಲ್ಕು ಜನರಿಗೆ ಒಂದು ವಾರಕ್ಕೆ ಅಷ್ಟೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಎಣ್ಣೆ, ತುಪ್ಪ ಸೇರಿ 27 ಗ್ರಾಂ ಎಂದಿದೆ. ನಾಲ್ಕು ಜನರಿಗೆ ತಿಂಗಳಿಗೆ ಹೆಚ್ಚುಕಡಿಮೆ ಮೂರೂವರೆ ಲೀಟರ್. ಕ್ಯಾನು ತಿಂಗಳೊಳಗೆ ಖಾಲಿಯಾಗುತ್ತಿದ್ದರೆ ನಿಮಗೇ ಗೊತ್ತಾಯಿತಲ್ಲ. ಹೃದ್ರೋಗಿ ಇರುವ ಮನೆಗೆ ನಾನು ಎರಡೂವರೆ ಎನ್ನುತ್ತೇನೆ. ತೆಂಗಿನಕಾಯಿ ಬೇರೆ ಲೆಕ್ಕ, ಅದರ ಬಗ್ಗೆ ಜಗಳವಾಡುವಷ್ಟು ಧೈರ್ಯ ಇವತ್ತು ಇಲ್ಲ.

ಕರಿದು ಉಳಿದ ಎಣ್ಣೆಯನ್ನು ಸೋಸಿ ಬಾಟಲಿಗೆ ವಾಪಸು ಹಾಕಬೇಡಿ. ಹೊಸದೂ ಕೆಡುತ್ತದೆ. ಬೇರೆ ಲೋಟದಲ್ಲಿಟ್ಟು ಒಂದೆರಡು ದಿನದಲ್ಲಿ ಒಗ್ಗರಣೆಗೆ ಮುಗಿಸಿ. ಕಪ್ಪಾದ, ನೊರೆ ಬರುವ, ಜಿಗುಟಾದ ಎಣ್ಣೆಯನ್ನು ಮತ್ತೆ ಕಾಯಿಸಬಾರದು.

*ಮಳೆಗಾಲಕ್ಕೆ ಮುಂಚೆ*

ಜೂನ್ ಎರಡನೇ ವಾರಕ್ಕೆ ಮುಂಬಯಿಗೆ ಮಳೆ ಹಿಡಿಯಿತೆಂದರೆ ಚಾಲಿನ ಗೋಡೆಯೇ ಬೆವರುತ್ತದೆ. ಶೇಂಗಾ, ಒಣಮೆಣಸು, ಕೊಬ್ಬರಿಗಳಿಗೆ ಬೂಷ್ಟು ಬಂದರೆ ಮೇಲಿನದನ್ನು ಒರೆಸಿ ಬಳಸಬೇಡಿ. ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಹುರಿದರೂ ಪೂರ್ತಿ ಹೋಗುವುದಿಲ್ಲ, ಲಿವರಿಗೆ ಹಾನಿ. ಆದ್ದರಿಂದ ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿ, ಒಣಗಿದ ಡಬ್ಬಕ್ಕೆ ತುಂಬಿ, ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ತನ್ನಿ.

ಡಬ್ಬ ಜೋಡಿಸುವ ಕ್ರಮವನ್ನು ನಾನು ಹೇಳಲು ಹೊರಟಾಗ ಅಷ್ಟು ಹೊತ್ತು ಮಂಚದಲ್ಲಿ ಸುಮ್ಮನೆ ಕುಳಿತಿದ್ದ ಯಜಮಾನರು ಬಾಯಿಬಿಟ್ಟರು. "ಅದು ನನಗೆ ಹೇಳಬೇಡಿ ಡಾಕ್ಟ್ರೇ. ಸ್ಟೋರಿನಲ್ಲಿ ಹೊಸ ಮಾಲು ಹಿಂದೆ, ಹಳೆ ಮಾಲು ಮುಂದೆ. ಇಪ್ಪತ್ತು ವರ್ಷ ಅದೇ ಮಾಡಿದ್ದು." ಮತ್ತೆ ಇಲ್ಲಿ ಯಾಕೆ ಮಾಡಲಿಲ್ಲ ಎಂದೆ. "ಅದು ಅವಳ ಅಡುಗೆಮನೆ ಅಲ್ಲವಾ," ಎಂದು ಹೆಂಡತಿಯ ಕಡೆ ನೋಡಿದರು. ಅಮ್ಮನವರು, "ನಾನು ಯಾವಾಗ ಬೇಡ ಅಂದೆ?" ಎಂದರು. ಅವತ್ತಿನಿಂದ ಸ್ಟೋರು ಅವರದು.

*ಫ್ರಿಜ್ಜು*

ನಮ್ಮಲ್ಲಿ ಹೆಚ್ಚಿನವರದ್ದು ಒಂದೇ ಬಾಗಿಲಿನ ಫ್ರಿಜ್ಜು. ಅದರಲ್ಲಿ ಫ್ರೀಜರಿನ ಕೆಳಗಿನ ಜಾಗ ಅತಿ ತಂಪು, ಬಾಗಿಲು ಎಲ್ಲಕ್ಕಿಂತ ಬೆಚ್ಚಗೆ. ನಾವು ಹಾಲನ್ನು ಇಡುವುದು ಬಾಗಿಲಿನಲ್ಲಿ! ಹಾಲು, ಮೊಸರು ಮೇಲಿನ ಅಂತಸ್ತಿಗೆ ಬರಲಿ. ಬಾಗಿಲಿಗೆ ಲಿಂಬೆ, ಶುಂಠಿ, ಹುಣಸೆ, ನೀರಿನ ಬಾಟಲಿ. ಹಸಿ ಮೀನು, ಕೋಳಿ ತಂದರೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿಟ್ಟು ಮಾರನೆಯ ದಿನವೇ ಮುಗಿಸಿ. ಅದರ ನೀರು ಮೊಸರಿನ ಮೇಲೆ ಹನಿಯಬಾರದು.

ಒಳಗಿನ ತಂಪು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬಾಗಿಲಿನ ರಬ್ಬರು ಸಡಿಲವಾಗಿದೆಯೇ ನೋಡಲು ಹತ್ತು ರೂಪಾಯಿ ನೋಟನ್ನು ಸಿಕ್ಕಿಸಿ ಬಾಗಿಲು ಮುಚ್ಚಿ. ಎಳೆದರೆ ಸಲೀಸಾಗಿ ಬಂದರೆ ತಂಪು ಸೋರುತ್ತಿದೆ ಎಂದೇ ಅರ್ಥ. ರಬ್ಬರನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಆಗಲೂ ಹಿಡಿಯದಿದ್ದರೆ ರಿಪೇರಿಯವರನ್ನು ಕರೆಯಿರಿ. ಫ್ರಿಜ್ಜನ್ನು ಬಾಯಿಯವರೆಗೆ ತುಂಬಿದರೆ ಒಳಗೆ ಗಾಳಿ ಓಡಾಡುವುದಿಲ್ಲ, ಹಿಂದಿನ ಸಾಮಾನು ಕೆಡುತ್ತದೆ.

ಬೈಕುಲ್ಲಾದವರಿಗೆ ಇದರಲ್ಲೊಂದು ಅನುಕೂಲ ಇದೆ. ಸ್ಟೇಷನ್ ಪಕ್ಕದಲ್ಲೇ ತರಕಾರಿ ಮಾರ್ಕೆಟ್ಟು. ಸಗಟು ವ್ಯಾಪಾರ ವಾಶಿಗೆ ಹೋಗಿ ವರ್ಷಗಳಾದರೂ ಇಲ್ಲಿ ಬೆಳಗ್ಗೆ ಸೊಪ್ಪು, ತರಕಾರಿ ತಾಜಾ ಸಿಗುತ್ತದೆ. ವಾರದ ತರಕಾರಿ ಒಟ್ಟಿಗೆ ತಂದು ಫ್ರಿಜ್ಜಿನಲ್ಲಿ ತುರುಕುವ ಬದಲು ಮೂರು ದಿನಕ್ಕೊಮ್ಮೆ ನಡೆದು ಹೋಗಿ. ಆ ನಡಿಗೆಯೂ ನಾನು ಬರೆದುಕೊಟ್ಟ ಔಷಧಿಯೇ. ಸೊಪ್ಪನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಬೇಡಿ, ಶಾಯಿ ಆಹಾರಕ್ಕೆ ಹತ್ತುತ್ತದೆ. ಹಳೆಯ ಪಂಚೆಯ ತುಂಡು ಇದಕ್ಕೆ ಎಲ್ಲಕ್ಕಿಂತ ಚೆನ್ನ. ನೀರುಳ್ಳಿ, ಬಟಾಟೆ ಫ್ರಿಜ್ಜಿಗೆ ಬೇಡ, ಒಂದೇ ಬುಟ್ಟಿಗೂ ಬೇಡ. ಬಾಳೆಹಣ್ಣನ್ನು ಎಲ್ಲದರಿಂದ ದೂರ ತೂಗುಹಾಕಿ. ಅದರ ಅನಿಲಕ್ಕೆ ಅಕ್ಕಪಕ್ಕದ ಹಣ್ಣೂ ಬೇಗ ಮಾಗುತ್ತದೆ.

ಎದುರಿನ ಅಂತಸ್ತಿನಲ್ಲಿ, ಬಾಗಿಲು ತೆರೆದ ಕೂಡಲೇ ಕಾಣುವಲ್ಲಿ, ನೆನೆಸಿದ ಕಾಳು ಮತ್ತು ಹೆಚ್ಚಿದ ತರಕಾರಿ ಇರಲಿ. ಟಿಫಿನ್ ಕ್ಯಾರಿಯರಿನ ಬಟ್ಟಲುಗಳು ಇದಕ್ಕೆ ಸರಿಯಾದ ಅಳತೆ. ಅದರ ಪಕ್ಕ ಒಂದು ಹಳೆಯ ತಟ್ಟೆ ಇಡಿ, ಉಳಿದ ಅಡುಗೆ ಎಲ್ಲ ಆ ತಟ್ಟೆಯ ಮೇಲೆ ಮಾತ್ರ. ಮುಚ್ಚಳಕ್ಕೆ ಗಾಯಕ್ಕೆ ಹಾಕುವ ಪ್ಲಾಸ್ಟರಿನ ತುಂಡು ಅಂಟಿಸಿ ತಾರೀಕು ಬರೆಯಿರಿ. ಎರಡು ದಿನ ದಾಟಿದ್ದು ಬೇಡ. ತಿನ್ನುವಷ್ಟನ್ನೇ ತೆಗೆದು ಹಬೆಯಾಡುವವರೆಗೆ ಬಿಸಿ ಮಾಡಿ, ಇಡೀ ಪಾತ್ರೆಯನ್ನು ಮತ್ತೆ ಮತ್ತೆ ಕಾಯಿಸಿ ಒಳಗಿಡಬೇಡಿ.

ಅನ್ನದ ವಿಷಯದಲ್ಲಿ ಜೋಪಾನ. ರಾತ್ರಿಯಿಡೀ ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಸೆಕೆಗಾಲದಲ್ಲಿ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ನಾವು ತಂಗಳನ್ನ ತಿಂದೇ ಬೆಳೆದವರು ಎಂದು ನನಗೂ ಗೊತ್ತು. ಆದರೆ ನೀರು ಮಾತ್ರೆ ತೆಗೆದುಕೊಳ್ಳುವ ಅರವತ್ತೆಂಟರ ಹೃದ್ರೋಗಿಗೆ ಒಂದು ದಿನ ವಾಂತಿ ಭೇದಿಯಾದರೂ ಬಿ.ಪಿ. ಕುಸಿದು ಕಿಡ್ನಿಗೆ ಪೆಟ್ಟು ಬೀಳುತ್ತದೆ.

*ಮಾತ್ರೆಗಳ ಜಾಗ*

ಇವತ್ತಿನ ಬರಹದಲ್ಲಿ ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ. ಮಾತ್ರೆಗಳು ಒಲೆಯ ಮೇಲೆ, ಮೋರಿಯ ಪಕ್ಕ, ಫ್ರಿಜ್ಜಿನ ತಲೆಯ ಮೇಲೆ ಇರಬಾರದು. ಮೂರೂ ಕಡೆ ಶಾಖ ಅಥವಾ ತೇವ. ಮುಚ್ಚಳ ಗಟ್ಟಿ ಇರುವ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಲೇಬಲಿನಲ್ಲಿ ಹೇಳದ ಹೊರತು ಮಾತ್ರೆ ಫ್ರಿಜ್ಜಿಗೆ ಬೇಡ. ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ತಾರೀಕು ಇರುವ ತುದಿಯನ್ನು ಕೊನೆಗೆ ಉಳಿಸಿ.

ಇನ್ಸುಲಿನ್ ಇದ್ದರೆ, ಒಡೆಯದ್ದು ಫ್ರಿಜ್ಜಿನ ನಡುವಿನ ಅಂತಸ್ತಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ. ಫ್ರೀಜರಿನ ಕೆಳಗಿನ ಟ್ರೇಯಲ್ಲಿ ಖಂಡಿತ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಆ ಚೀಲವನ್ನು ಮೊಳೆಯಿಂದ ಇಳಿಸಿ ಚಾಪೆಯ ಮೇಲೆ ಸುರಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಎರಡು ಬೇರೆ ಹೆಸರಿನ, ಬೇರೆ ಬಣ್ಣದ ಸ್ಟ್ರಿಪ್‌ಗಳು. ಒಂದು ನಾನು ಬರೆದದ್ದು, ಇನ್ನೊಂದು ಊರಿಗೆ ಹೋದಾಗ ಅಲ್ಲಿನ ಡಾಕ್ಟರು ಬರೆದದ್ದು. ಒಳಗಿನ ಔಷಧಿ ಒಂದೇ, ಅಮ್ಲೊಡಿಪಿನ್. ಅವರು ಎರಡನ್ನೂ ನುಂಗುತ್ತಿದ್ದರು. ಕಾಲು ಊದಲು ಅದೂ ಒಂದು ಕಾರಣ. ಅದನ್ನು ಕ್ಲಿನಿಕ್ಕಿನಲ್ಲೇ ಹಿಡಿಯಬೇಕಿತ್ತು, ಚೀಟಿ ಮಾತ್ರ ನೋಡಿ ಬಿಟ್ಟದ್ದು ನನ್ನ ತಪ್ಪು. ನೀವು ಮುಂದಿನ ಸಲ ಡಾಕ್ಟರಲ್ಲಿ ಹೋಗುವಾಗ ಚೀಟಿಯ ಜೊತೆ ಆ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ. ಊರಿಗೂ ಮುಂಬಯಿಗೂ ಓಡಾಡುವ ನಮ್ಮವರಲ್ಲಿ ಇದು ಬಹಳ ನಡೆಯುತ್ತದೆ, ದುಬೈ, ಮಸ್ಕತ್‌ನಿಂದ ಬಂದುಹೋಗುವವರಲ್ಲೂ.

ನಾಲಿಗೆಯ ಕೆಳಗಿಡುವ ಮಾತ್ರೆ ಕೊಟ್ಟಿದ್ದರೆ ಅದರ ಜಾಗ ಮನೆಯ ಎಲ್ಲರಿಗೂ, ಮೊಮ್ಮಗನಿಗೂ ಗೊತ್ತಿರಬೇಕು. ಕುಳಿತುಕೊಂಡೇ ಇಡಬೇಕು, ನಿಂತಿದ್ದರೆ ತಲೆ ತಿರುಗಿ ಬೀಳುತ್ತೀರಿ. ಅಡುಗೆಮನೆಯಲ್ಲಿರುವ ನೊರೆ ಬರುವ ಆಸಿಡಿಟಿ ಪುಡಿಯ ಬಗ್ಗೆಯೂ ಒಂದು ಮಾತು. ಅದರಲ್ಲೂ ಸೋಡಿಯಂ ಇದೆ. ಅದಕ್ಕಿಂತ ದೊಡ್ಡ ಅಪಾಯ, ಎದೆ ಬಿಗಿದು ಬೆವರು ಬಂದಾಗ ಗ್ಯಾಸು ಎಂದುಕೊಂಡು ಪುಡಿ ಕುಡಿದು ಬೆಳಗಿನವರೆಗೆ ಕಾಯುವುದು. ಹತ್ತು ಹದಿನೈದು ನಿಮಿಷದಲ್ಲಿ ಇಳಿಯದ ಎದೆನೋವಿಗೆ, ಅಥವಾ ಬೆವರು, ಉಸಿರುಕಟ್ಟು ಜೊತೆಗಿದ್ದರೆ ಅಷ್ಟೂ ಕಾಯದೆ, 108ಕ್ಕೆ ಫೋನ್ ಮಾಡಿ. ಆ ನಂಬರನ್ನು ಫ್ರಿಜ್ಜಿನ ಬಾಗಿಲಿಗೇ ಅಂಟಿಸಿಡಿ.

ಫಿನಾಯಿಲ್, ಆ್ಯಸಿಡ್, ಸೀಮೆಎಣ್ಣೆಯನ್ನು ತಂಪುಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ ಎಂದು ಬೇರೆ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ.

ನಮ್ಮ ಯಜಮಾನರು ಈಗ ಹದಿನಾಲ್ಕು ತಿಂಗಳಿಂದ ಆಸ್ಪತ್ರೆಯಲ್ಲಿ ಮಲಗಿಲ್ಲ. ಶೆಲ್ಫು ಬದಲಾಯಿತು, ಮಾತ್ರೆಯೂ ಬದಲಾಯಿತು, ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲಾರೆ. ಬೆಳಗ್ಗೆ ಎದ್ದು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ, ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ನನಗೆ ಫೋನು ಬರುತ್ತದೆ. ಉಪ್ಪಿನ ಪ್ಯಾಕೆಟ್ ಅರವತ್ತೊಂದು ದಿನ ಬಂತೆಂದು ಹೋದ ತಿಂಗಳು ಹೇಳಿದರು. ಅಮ್ಮನವರ ದೂರು ಒಂದೇ: "ಇವರು ಈಗ ಒಂದು ಚಮಚ ಸಾಸಿವೆ ತೆಗೆದರೂ ಲೆಕ್ಕ ಕೇಳುತ್ತಾರೆ ಡಾಕ್ಟ್ರೇ."

ನಿಮ್ಮ ಮನೆಯ ಉಪ್ಪಿನ ಪ್ಯಾಕೆಟ್ ಎಷ್ಟು ದಿನ ಬಂತು, ಎಷ್ಟು ಜನ ಇದ್ದೀರಿ ಎಂದು ಬರೆದು ಕಳಿಸಿ. ತೆಂಗಿನಕಾಯಿಯ ಜಗಳವನ್ನು ಮುಂದಿನ ವಾರ ಆಡೋಣ.